ಬಸ್ಸಿನ ಅಜ್ಜಿಗೆ ಪೀಠಿಕೆ

ಶಿರಸಿ ಪೇಟೆಯ ಸಗಟು ಅಂಗಡಿಗಳ ಮುಂದೆ ಹಾದುಹೋಗುವಾಗ ಜೋನಿಬೆಲ್ಲದ ವಾಸನೆಗೆ ಗೋಣಿಚೀಲದ ಧೂಳು ಸೇರಿ ಮೂಗಿಗೆ ಬಡಿದರೆ, ಎಷ್ಟೇ ಅವಸರವಿದ್ದರೂ ನನ್ನ ಕಾಲು ನಿಧಾನವಾಗುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಬೇರೆ ಯಾರಿಗೂ ಅದರಲ್ಲಿ ಏನೂ ಕಾಣದು. ನನಗೆ ಅದು ಕಾನಸೂರಿನ ನಮ್ಮ ಮನೆ. ಮುಂದೆ ಅಪ್ಪಯ್ಯನ ಕಿರಾಣಿ ಅಂಗಡಿ, ಹಿಂದೆ ಅಮ್ಮನ, ನಮ್ಮ ಮಾತಿನಲ್ಲಿ ಆಯಿಯ, ಅಡುಗೆಮನೆ, ನಡುವೆ ಅಕ್ಕಿ, ಉಪ್ಪು, ದನದ ಹಿಂಡಿಯ ಮೂಟೆಗಳನ್ನು ಒಟ್ಟಿದ ಒಂದು ಕತ್ತಲೆ ಕೋಣೆ. ಅಡುಗೆಮನೆಗೆ ಹೋಗುವವರೆಲ್ಲ ಆ ಮೂಟೆಗಳ ಸಂದಿಯಲ್ಲಿ ಅಡ್ಡಡ್ಡ ನಡೆದೇ ಹೋಗಬೇಕಿತ್ತು. ರಸ್ತೆ ಅಗಲ ಮಾಡುವಾಗ ಮುಂದಿನ ಭಾಗ ಹೋಯಿತು, ಉಳಿದದ್ದನ್ನು ನಾವೇ ಕೆಡವಿಸಿದೆವು.

ಅಕ್ಕ ಆಗ ಹತ್ತನೇ ಕ್ಲಾಸು. ಮನೆಯಲ್ಲಿ ನನ್ನ ಜುಟ್ಟು ಹಿಡಿದು ಜಗಳಾಡುವವಳು ಶಾಲೆಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಅವಳಿಗೆ ಮಾತು ತೊದಲುತ್ತಿತ್ತು. ಅದರಲ್ಲೂ 'ಕ' ಎಂದರೆ ಮುಗಿಯಿತು, ಗಂಟಲಲ್ಲಿ ಮುಳ್ಳು ಸಿಕ್ಕವರ ಹಾಗೆ ಕಣ್ಣು ಕೆಂಪಾಗುತ್ತಿತ್ತು. ಪಾಠ ಓದಲು ಎಬ್ಬಿಸಿದ ದಿನ ಮನೆಗೆ ಬಂದು ಮೂಟೆಗಳ ಹಿಂದೆ ಕೂತುಬಿಡುತ್ತಿದ್ದಳು. ಬಸ್ಸಿನಲ್ಲಿ ಊರಿನ ಹೆಸರು ಹೇಳಬೇಕಾದರೆ ನನ್ನನ್ನು ಮುಂದೆ ತಳ್ಳುತ್ತಿದ್ದಳು. ಶಾಲೆ ಬಿಡುತ್ತೇನೆ ಎಂದು ಆಯಿಯ ಹತ್ತಿರ ಅತ್ತದ್ದೂ ಉಂಟು.

ಆ ವರ್ಷ ಹಾನಗಲ್ ಕಡೆಯಿಂದ ಹೊಸ ಕನ್ನಡ ಮಾಸ್ತರು ಬಂದರು. ನಮ್ಮ ಕಡೆಯ ತಾಳಮದ್ದಳೆಯನ್ನು ಅವರು ಅಲ್ಲಿಯವರೆಗೆ ಕಂಡವರಲ್ಲ. ವೇಷವಿಲ್ಲ, ಕುಣಿತವಿಲ್ಲ, ಪಂಚೆಯುಟ್ಟು ಕೂತ ಜನ ಬರೆದಿಟ್ಟುಕೊಳ್ಳದೆ ಆ ಹೊತ್ತಿಗೆ ಹೊಳೆದ ಮಾತನ್ನೇ ಪಾತ್ರವಾಗಿ ಆಡುತ್ತಾರೆ ಎನ್ನುವುದು ಅವರಿಗೆ ಭಾರೀ ಸೋಜಿಗ. ಇದನ್ನೇ ಮಕ್ಕಳಿಂದ ಮಾಡಿಸಿದರೆ ಹೇಗೆ ಎಂದುಕೊಂಡರು. ಶಾಲೆಯಲ್ಲಿ ಬಾಯಿ ಬಿಡದವರನ್ನೇ ಹುಡುಕಿ ಹುಡುಕಿ ಸಂಜೆ ಅಪ್ಪಯ್ಯ ಬಿಟ್ಟುಕೊಟ್ಟ ನಮ್ಮ ಮೂಟೆ ಕೋಣೆಯಲ್ಲಿ ಸೇರಿಸಿದರು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ: ಒಬ್ಬ ಡಾಕ್ಟರು, ಒಬ್ಬಳು ದನ ಕಳೆದುಕೊಂಡವಳು, ಒಬ್ಬ ಬಸ್ ಕಂಡಕ್ಟರು. ಹಿಂಡಿ ಮೂಟೆಯ ಮೇಲೆ ಕೂತು ಮಾತಾಡುವುದು, ಅಷ್ಟೆ. ನಿನ್ನೆ ಆಡಿದ ಮಾತು ಇವತ್ತು ಆಡಬಾರದು ಎಂಬುದೊಂದೇ ಕಟ್ಟುಪಾಡು.

ಅಕ್ಕನ ಪಾಲಿಗೆ ಬಂದದ್ದು ನಿಲ್ಕುಂದ ಕ್ರಾಸಿನಲ್ಲಿ ಬಸ್ಸಿಗೆ ಕಾಯುವ ಅಜ್ಜಿ. ಮೊದಮೊದಲು ಬರೀ ಕೆಮ್ಮುತ್ತಿದ್ದಳು. ಒಂದು ಸಂಜೆ ಕಂಡಕ್ಟರ್ ಎನ್ನಲು ಹೋಗಿ ತಡೆದು, ಮಾತನ್ನು ಅಲ್ಲೇ ಸೀಟಿ ಊದುವ ಹುಡುಗ ಎಂದು ಹೊರಳಿಸಿ, "ಏ ಸೀಟಿ ಮಾಣಿ, ನಿಲ್ಸಾ ಬಸ್ಸ! ಬಸ್ಸಿಗೆ ಬ್ರೇಕ್ ಇಲ್ಯನಾ, ನಿಂಗೇ ಇಲ್ಯನಾ?" ಎಂದುಬಿಟ್ಟಳು. ಅಂಗಡಿಗೆ ಬಂದ ಗಿರಾಕಿಗಳೂ ಬಿದ್ದು ಬಿದ್ದು ನಕ್ಕರು. ಅದು ತಮಾಷೆಗೆ ಹುಟ್ಟಿದ ಮಾತಲ್ಲ, ತಪ್ಪಿಸಿಕೊಳ್ಳಲು ಅವಳು ಕಂಡುಕೊಂಡ ಕಾಲುದಾರಿ ಎನ್ನುವುದು ಮಾಸ್ತರಿಗೆ ಮಾತ್ರ ತಿಳಿದಿತ್ತು. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಅಕ್ಕ ಆಯಿಯ ಹಳೇ ಸೀರೆ ಸುತ್ತಿಕೊಂಡು ಇಡೀ ಊರನ್ನು ನಗಿಸಿದಳು. ಮರುವಾರ ಕ್ಲಾಸಿನಲ್ಲಿ ತಾನಾಗಿ ಎದ್ದು ಪ್ರಶ್ನೆ ಕೇಳಿದಳಂತೆ. ನಮ್ಮ ಮನೆಯಲ್ಲಿ ಅಷ್ಟು ಸಂತೋಷ ಆಮೇಲೆ ಯಾವತ್ತೂ ಆಗಲಿಲ್ಲ.

ಅಪ್ಪಯ್ಯನನ್ನು ಬೈಯಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ. ತಾಳಮದ್ದಳೆ ಎಂದರೆ ಅಂಗಡಿ ಬಾಗಿಲು ಹಾಕಿ ಹೋಗುವ ಮನುಷ್ಯ. ಅಲ್ಲಿ ಆಡುವ ಮಾತಿಗೆ ಅರ್ಥ ಎನ್ನುತ್ತಾರೆ; ಮಗಳ ಬಾಯಲ್ಲೂ ಅರ್ಥ ಹೊರಟಿತು ಎಂದು ಅವನಿಗೆ ನೆಲ ಕಾಣದಾಯಿತು. ಯಾರೇ ಬಂದರೂ "ಕೂಸೆ, ಅದೇ ಅಜ್ಜಿ ಮಾತು ಹೇಳು ನೋಡನ" ಎಂದು ಕರೆಯುತ್ತಿದ್ದ. ಒಂದು ಪದ ಬದಲಾದರೂ ಸರಿಪಡಿಸುತ್ತಿದ್ದ. ಅಷ್ಟರಲ್ಲಿ ಸಿದ್ದಾಪುರದಲ್ಲಿ ತಾಲೂಕು ಮಟ್ಟದ ಏಕಪಾತ್ರಾಭಿನಯ ಸ್ಪರ್ಧೆ ಬಂತು. ದೊಡ್ಡ ಅರ್ಥಧಾರಿಗಳೆಲ್ಲ ಮಾತಿಗೆ ಮೊದಲು ಗಂಭೀರವಾದ ಪೀಠಿಕೆ ಹಾಕುತ್ತಾರಲ್ಲ, ಬಸ್ಸಿನ ಅಜ್ಜಿಗೂ ಒಂದು ಪೀಠಿಕೆ ಬೇಕೆಂದು ಅಪ್ಪಯ್ಯ ತಾನೇ ಕೂತು ಕಟ್ಟಿದ: "ಕೇಳಿರಿ ಕಂಡಕ್ಟರ್ ಸಾಹೇಬರೇ, ಕಾಡುಮೇಡುಗಳ ನಡುವಿನ ಕುಗ್ರಾಮದವಳಾದ ನಾನು…"

"ಬೇಡ ಅಪ್ಪಯ್ಯಾ" ಎಂದಳು ಅಕ್ಕ.

"ಪೀಠಿಕೆ ಇಲ್ದೆ ಯಾರಾದ್ರೂ ಅರ್ಥ ಹೇಳ್ತ್ವನೇ?" ಎಂದು ನಕ್ಕ ಅಪ್ಪಯ್ಯ. ತೊದಲು ಗುಣವಾಗಿದೆ ಎಂದೇ ಅವನು ನಂಬಿದ್ದ. ಬೇಡ ಅಂದದ್ದು ನಾಚಿಕೆಗೆ ಎಂದುಕೊಂಡ.

ಮಾಸ್ತರು ಅಂಗಡಿಯ ಕಟ್ಟೆಯ ಮೇಲೆ ಕೂತು ಮೆಲ್ಲಗೆ ಹೇಳಿದ್ದರು: "ಹೆಗಡೇರ, ಅದು ಬ್ಯಾಡ್ರಿ. ಆಕಿ ಮಾತು ಆಕಿಗೇ ಬಿಡ್ರಿ." ಅಪ್ಪಯ್ಯ ಅವರಿಗೆ ಚಾ ತರಿಸಿ, ನೀವು ಹೊರಗಿನವರು, ನಿಮಗೆ ಇದು ತಿಳಿಯುವುದಿಲ್ಲ ಎಂದುಬಿಟ್ಟ. ಮಾಸ್ತರು ಚಾ ಕುಡಿದು ಎದ್ದು ಹೋದರು. ಇನ್ನೊಂದು ಮಾತು ಗಟ್ಟಿಯಾಗಿ ಆಡಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿಲ್ಲ!

ಸಿದ್ದಾಪುರದ ಆ ಸಭಾಂಗಣದಲ್ಲಿ ನಾನು ಅಪ್ಪಯ್ಯನ ಪಕ್ಕದಲ್ಲೇ ಕೂತಿದ್ದೆ. ಅಕ್ಕ ಕೋಲೂರಿ ಬಂದಳು. 'ಕೇ' ಎಂದಳು. ಮುಂದೆ ಹೋಗಲಿಲ್ಲ. ಸೀಟಿ ಮಾಣಿ ಎಂದು ತಿರುಗಿಸಿಕೊಳ್ಳಲು ಅವಳಿಗೆ ಜಾಗವೇ ಉಳಿದಿರಲಿಲ್ಲ, ಅಪ್ಪಯ್ಯನ ಪೀಠಿಕೆ ದಾಟದೆ ಅವಳ ಮಾತು ಬರುವಂತಿಲ್ಲ. ಮರೆತಳೆಂದು ತಿಳಿದು ಅಪ್ಪಯ್ಯ ಎದುರಿನ ಸಾಲಿನಿಂದ "ಕೇಳಿರಿ ಕಂಡಕ್ಟರ್" ಎಂದು ಎತ್ತಿಕೊಟ್ಟ. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಹೇಳಿದ. ಅವನು ಹೇಳಿದಷ್ಟೂ ಅವಳ ದವಡೆ ಕಟ್ಟುತ್ತ ಹೋಯಿತು. ಹಿಂದಿನಿಂದ ಯಾರೋ ಮಕ್ಕಳು 'ಕೇ, ಕೇ' ಎಂದು ಅಣಕಿಸಿದರು. ಅಕ್ಕ ಕೋಲನ್ನು ಅಲ್ಲೇ ಇಟ್ಟು ಇಳಿದು ಬಂದಳು.

ಅದೇ ಬೇಸಿಗೆಯಲ್ಲಿ ಮಾಸ್ತರಿಗೆ ವರ್ಗವಾಯಿತು. ಮೂಟೆ ಕೋಣೆಯಲ್ಲಿ ಬರೀ ಮೂಟೆಗಳು ಉಳಿದವು. ಅಕ್ಕ ಪರೀಕ್ಷೆಯೇನೋ ಪಾಸಾದಳು, ಮುಂದೆ ಓದುವುದಿಲ್ಲ ಎಂದು ತಲೆಯಾಡಿಸಿ ಹೇಳಿದಳು. ಯಲ್ಲಾಪುರಕ್ಕೆ ಮದುವೆಯಾಗಿ ಹೋದಳು. ಒಳ್ಳೆಯ ಮನೆ, ಕಷ್ಟವೇನಿಲ್ಲ. ಫೋನಿನಲ್ಲಿ ಹೂಂ ಎನ್ನುತ್ತಾಳೆ, ಇಲ್ಲೆ ಎನ್ನುತ್ತಾಳೆ. ಆ ಹುಡುಗಿ ಇನ್ನೊಂದು ವರ್ಷ ಆ ಹಿಂಡಿ ಮೂಟೆಯ ಮೇಲೆ ಕೂತಿದ್ದರೆ ಏನಾಗುತ್ತಿದ್ದಳೋ.

ಕೊನೆಯ ತಿಂಗಳುಗಳಲ್ಲಿ ಅಪ್ಪಯ್ಯ ಅವಳ ಮನೆಯಲ್ಲೇ ಇದ್ದ. ಒಂದು ಮಧ್ಯಾಹ್ನ ನಾನು ಹೋದಾಗ ಅವನನ್ನು ದಿಂಬಿಗೆ ಒರಗಿಸಿ ಕೂರಿಸಿ ಗಂಜಿ ಕುಡಿಸುತ್ತಿದ್ದಳು. ಅವನು ಅವಳ ಕೈ ತಡೆದ.

"ಕೂಸೆ, ಎಂತಾದ್ರೂ ಮಾತಾಡೆ. ಆನು ಮಧ್ಯ ಬಾಯಿ ಹಾಕ್ತ್ನಿಲ್ಲೆ."

ಅಕ್ಕ ಸ್ವಲ್ಪ ನಕ್ಕು ಚಮಚವನ್ನು ಅವನ ತುಟಿಗೆ ಹಿಡಿದಳು. ಅಪ್ಪಯ್ಯ ಬಾಯಿ ತೆರೆಯದೆ, ಅವಳ ಬಾಯನ್ನೇ ನೋಡುತ್ತ ಕೂತಿದ್ದ.