ಕುಂಬ್ರದ ಹರಿಣಾಕ್ಷಿಗೆ ಸೋಲಲು ಬರುವುದಿಲ್ಲ

ಬೆಳಕು ಹರಿಯುವ ಹೊತ್ತು. ಹರಿಣಾಕ್ಷಿ ಕುಂಬ್ರದ ವಾಲಿಬಾಲ್ ಅಂಗಣದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಲ್ಲು ಹೆಕ್ಕುತ್ತಿದ್ದಾರೆ. ಹೆಕ್ಕಿದ್ದೆಲ್ಲ ಹಳೆಯ ಪೈಂಟ್ ಡಬ್ಬಿಗೆ. ಸಂಜೆ ಲೀಗಿನ ಕೊನೆಯ ಪಂದ್ಯ, ಹಾಗಾಗಿ ಇವತ್ತು ಟ್ಯಾಪಿಂಗಿಗೆ ರಜೆ.

ಊರಿಗೆ ಇವರು ರಬ್ಬರ್ ಟ್ಯಾಪಿಂಗಿನ ಹೆಂಗಸು. ದಿನವೂ ಮುನ್ನೂರು ರಬ್ಬರ್ ಮರ ಗೀರಿ, ಇಳಿದ ಹಾಲು ಸೋಸಿ, ಶೀಟು ಒಣಗಲು ಹಾಕಿದ ಮೇಲೆ ಇಲ್ಲಿಗೆ ಬಂದು ಕೋಚ್ ಆಗುತ್ತಾರೆ. ಮೂರು ತಾಲೂಕುಗಳ ಈ ಮಹಿಳಾ ಲೀಗಿನಲ್ಲಿ ಆಡುವವರಿಗೆ ಸಂಬಳವಿದೆ. ಹಾಗಾಗಿಯೇ ಕಳೆದ ವರ್ಷ ಕುಂಬ್ರದ ಒಳ್ಳೆಯ ಆಟಗಾರ್ತಿಯರು ಹೆಚ್ಚು ಕೊಡುವ ಕಡೆಗೆ ಹೋದರು. ತಂಡವನ್ನು ಬುಡದಿಂದ ಕಟ್ಟುವ ಕೆಲಸ ಇವರ ತಲೆಗೆ ಬಂತು. ಬೀಡಿ ಕಟ್ಟುವ ಝುಹ್ರಾ, ಹೋಟೆಲಿಗೆ ತೆಂಗಿನಕಾಯಿ ಸುಲಿದು ಕೊಡುವ ಭವಿತಾ, ಹೀಗೆ ಆರು ಹೊಸಬರನ್ನು ಹುಡುಕಿ ತಂದು ದಿನವೂ ಬೇರೆಯಾಗಿ ಪಳಗಿಸಿದರು. ಪಂದ್ಯಗಳಲ್ಲಿ ಮಾತ್ರ ಉಳಿದಿದ್ದ ಹಳಬರೇ ಆಡಿದರು, ಆ ಆರು ಮಂದಿ ಬೆಂಚು ಬಿಟ್ಟು ಎದ್ದದ್ದೇ ಇಲ್ಲ.

ಏಳು ಗಂಟೆಗೆ ತಂಡದ ಮಾಲಕ ಪ್ರಸನ್ನ ಹೊಸ ನೆಟ್ ಹಿಡಿದು ಬರುತ್ತಾರೆ.

"ಹರಿಣಕ್ಕ, ಇವತ್ತು ಆ ಕಲಿಯುವ ಮಕ್ಕಳನ್ನೇ ಇಳಿಸಿ. ಸೋತರೆ ನಮಗೆ ಕೊನೆಯ ಸ್ಥಾನ. ಕೊನೆಯವರಿಗೆ ಬರುವ ವರ್ಷ ಹೊಸ ಆಟಗಾರ್ತಿಯರಲ್ಲಿ ಮೊದಲ ಆಯ್ಕೆ. ಕಾಣಿಯೂರಿನ ಆ ಉದ್ದದ ಹುಡುಗಿ ಸಮನ್ವಿತಾ ನಮಗೇ ಸಿಗ್ತಾಳೆ."

"ಮತ್ತೆ ಈ ಮಕ್ಕಳು?"

"ಅವರು ಮನೆಗೆ ಹೋಗುದು, ಮತ್ತೆಂತ?"

"ಗೆದ್ದರೆ?"

"ಇವರಾ? ನೀವು ಒಳ್ಳೆ ತಮಾಷೆ ಮಾರಾಯ್ರೆ."

ಮಾಲಕರು ಹೋದ ಮೇಲೆ ಹರಿಣಾಕ್ಷಿ ತನ್ನಷ್ಟಕ್ಕೇ ಹೇಳಿಕೊಳ್ಳುತ್ತಾರೆ, "ಬೇಗ ಹಾಲು ಬೇಕು ಅಂತ ಆಳ ಗೀರಿದರೆ ಮರ ಕೊಡ್ತದೆ. ಮತ್ತೆ ಆ ಜಾಗ ಗಂಟು ಕಟ್ತದೆ, ಕತ್ತಿ ಓಡುದಿಲ್ಲ. ಬೇಕೆಂದು ಸೋತ ತಂಡವೂ ಹಾಗೆ."

ಸಂಜೆ ಅಂಗಣದ ಸುತ್ತ ಕಾಲಿಡಲು ಜಾಗವಿಲ್ಲ. ಕುಂಬ್ರದ ಕಡೆ ಆ ಆರು ಮಂದಿಯೇ, ಎದುರಿಗೆ ಈಶ್ವರಮಂಗಲ. ಮೊದಲ ಸೆಟ್ ಹೋಯಿತು, ಎರಡನೆಯದು ಬಂತು. ಕೊನೆಯ ಮೂರನೆಯದು ಹದಿನೈದಕ್ಕೆ, ಅದರಲ್ಲಿ ಹದಿಮೂರು ಸಮ. ಬಿಡುವು ಕೇಳಿ ಹರಿಣಾಕ್ಷಿ ಹುಡುಗಿಯರನ್ನು ಕರೆಯುತ್ತಾರೆ.

"ಅಕ್ಕ, ನಮ್ಮನ್ನು ಸೋಲ್ಲಿಕ್ಕೆ ಇಳಿಸಿದ್ದಂತೆ, ಹೌದಾ?" ಝುಹ್ರಾ ಏದುಸಿರು ಬಿಡುತ್ತಲೇ ನಗುತ್ತಾಳೆ.

"ಹೌದು. ನನಗೆ ಅದು ಹೇಳಿಕೊಡ್ಲಿಕ್ಕೆ ಗೊತ್ತಿಲ್ಲ. ನೀನು ಚೆಂಡು ನೋಡು."

ಭವಿತಾಳ ಸರ್ವಿಸ್ ನೆಟ್ ಸವರಿಕೊಂಡು ಆಚೆ ಬೀಳುತ್ತದೆ. ಹದಿನಾಲ್ಕು. ಮರುಗಳಿಗೆಗೆ ಝುಹ್ರಾ ಬೆರಳ ತುದಿಯಲ್ಲಿ ಎತ್ತಿಕೊಟ್ಟ ಚೆಂಡನ್ನು ಭವಿತಾ ಹಿಂದಿನ ಸಾಲಿನಿಂದ ಓಡಿಬಂದು ಹೊಡೆಯುತ್ತಾಳೆ. ಚೆಂಡು ನೆಲಕ್ಕೆ, ಜನ ಅಂಗಣಕ್ಕೆ. ಎಲ್ಲರಿಗಿಂತ ದೊಡ್ಡ ಸ್ವರ ಕುರ್ಚಿ ಹತ್ತಿ ನಿಂತಿರುವ ಪ್ರಸನ್ನರದ್ದು.

ಹರಿಣಾಕ್ಷಿ ಜನರ ನಡುವೆ ನುಗ್ಗಿ ಆ ಕುರ್ಚಿಯ ಬಳಿಗೆ ಬರುತ್ತಾರೆ. ಆಗ ಮಾಲಕರಿಗೆ ಇವತ್ತು ಸೋಲಬೇಕಿತ್ತೆಂದು ನೆನಪಾಗಿ, ತಟ್ಟುತ್ತಿದ್ದ ಕೈ ನಿಲ್ಲುತ್ತದೆ. ಮೆಲ್ಲ ಕೆಳಗಿಳಿಯುತ್ತಾರೆ. ಹರಿಣಾಕ್ಷಿಯವರ ಹಿಂದೆ ಆರೂ ಹುಡುಗಿಯರು ಬಂದು ನಿಂತಿದ್ದಾರೆ.

"ಪ್ರಸನ್ನಣ್ಣ, ಬರುವ ವರ್ಷಕ್ಕೂ ನನಗೆ ಈ ಮಕ್ಕಳನ್ನೇ ಕೊಡಿ."

ಪ್ರಸನ್ನ ಹುಡುಗಿಯರ ಕಡೆ ನೋಡುತ್ತಾರೆ. ನಿಂತಿದ್ದ ಕೈ ಮತ್ತೆ ತಟ್ಟತೊಡಗುತ್ತದೆ.