ಕುರುಗೋಡಿನ ಗುಡ್ಡದ ಮೇಲೊಂದು ಗ್ರೆನೆಡಾ

"ಅಜ್ಜಿ, ನೀವು ಗ್ರೆನೆಡಾಕ್ಕೆ ಹೋಗಿದ್ದಿರಾ?!"

ಹೋದ ವಾರ ಎದುರು ಫ್ಲ್ಯಾಟಿನ ಪಲ್ಲವಿ ಕಣ್ಣರಳಿಸಿ ಕೇಳಿದಳು. ಕೆರಿಬಿಯನ್ ಕ್ರೂಸ್ ಮುಗಿಸಿ ಬಂದ ಹುಡುಗಿ. ಗ್ರೆನೆಡಾ ದ್ವೀಪದ ಸೇಂಟ್ ಜಾರ್ಜಸ್ ಎಂಬ ಹಳೆಯ ಬಂದರು ಪಟ್ಟಣದ ಫೋಟೊ ತೋರಿಸುತ್ತಿದ್ದಳು. ನಾನು ಸುಮ್ಮನಿರಬೇಕಿತ್ತು. "ಇದು ಕೋಟೆ. ಕೆಳಗಿರೋದು ಕುದುರೆ ಲಾಳದ ಹಾಗೆ ಬಾಗಿದ ಹಾರ್ಬರ್. ಆ ಟನೆಲ್ ದಾಟಿದರೆ ಊರಿನ ಆಚೆ ಮಗ್ಗುಲು" ಎಂದುಬಿಟ್ಟೆ.

ಹೋಗಿದ್ದೆ ಕಣೇ. ಪಾಸ್‌ಪೋರ್ಟ್ ಇಲ್ಲದೆ. ಬಳ್ಳಾರಿಯಿಂದ ಬಸ್ಸಿನಲ್ಲಿ!

ಐವತ್ತರ ದಶಕದ ಆರಂಭ. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಬೋರ್ಡರ್, ಮನೆ ಸಿರುಗುಪ್ಪದಲ್ಲಿ. ನಮಗೆ ಜಾಗ್ರಫಿ ಕಲಿಸುತ್ತಿದ್ದ ಸಿಸ್ಟರ್ ಮೋನಿಕಾ ಗ್ರೆನೆಡಾದವರು. (ನನ್‌ಗಳೆಲ್ಲ ಬಿಳಿಯರೇ ಎಂದುಕೊಂಡಿದ್ದ ನಮಗೆ, ಅವ್ವನಿಗಿಂತ ಒಂದು ಶೇಡ್ ಕಪ್ಪಗಿದ್ದ ಈ ಸಿಸ್ಟರ್ ಎಂದರೆ ವಿಶೇಷ ಸಲಿಗೆ.) ಆ ವರ್ಷ ಅವರ ತಾಯಿ ತೀರಿಕೊಂಡರು. ಸಿಸ್ಟರ್ ಹೋಗಲಿಲ್ಲ. ಅವರ ಸಂಸ್ಥೆಯ ರೂಲ್ ಹಾಗಿತ್ತು. ಹೆತ್ತವರ ಮನೆ ಬಿಟ್ಟು ಬಂದವರು ಮತ್ತೆ ಆ ಹೊಸ್ತಿಲು ತುಳಿಯುವಂತಿಲ್ಲ. ಕ್ಲಾಸು ಎಂದಿನಂತೆ ನಡೆಯುತ್ತಿತ್ತು. ಸಿಸ್ಟರ್ ನಗು ಮಾತ್ರ ನಿಂತುಹೋಗಿತ್ತು.

ಆಗಲೇ ಕುರುಗೋಡಿಗೆ ಪಿಕ್ನಿಕ್ ಬಂತು. ಅಲ್ಲಿನ ಗುಡಿಯ ದೊಡ್ಡ ಬಸವಣ್ಣನಿಗೆ ಕಾಯಿ ಒಡೆಸುವ ನೆಪ ಮಾಡಿ, ಬುತ್ತಿ ಕಟ್ಟಿಕೊಂಡು ಅವ್ವನೂ ಸಿರುಗುಪ್ಪದಿಂದ ಬಂದಳು. ಜೊತೆಗೆ ಅಪ್ಪನ ಅಕ್ಕ, ನಮ್ಮ ಗೌರತ್ತಿ.

ರೊಟ್ಟಿ, ಶೇಂಗಾ ಚಟ್ನಿ ಮುಗಿಸಿ ಎಲ್ಲರೂ ಗುಡ್ಡ ಹತ್ತಿದೆವು. ಮೇಲೆ ನಿಂತ ಸಿಸ್ಟರ್ ಇದ್ದಕ್ಕಿದ್ದಂತೆ ಇಂಗ್ಲಿಷಿನಲ್ಲಿ, "ಗರ್ಲ್ಸ್, ಬನ್ನಿ, ನಮ್ಮೂರು ನೋಡೋಣ" ಎಂದರು.

ನಾವು ನಿಂತದ್ದೇ ಕೋಟೆ. ಕೆಳಗಿನ ಹಸಿರು ಹೊಲವೇ ಸಮುದ್ರ. ಕೆಂಪು ಬಂಡೆಗಳು ಹೆಂಚಿನ ಮಾಡುಗಳು. ಎರಡು ಬಂಡೆಗಳ ಸಂದು, ಟನೆಲ್! ಕಿರುಚುತ್ತಾ ಅದರಲ್ಲಿ ನುಸುಳಿದೆವು. ಆಚೆ ಮಾರ್ಕೆಟ್, ಜಾಯಿಕಾಯಿ ರಾಶಿ. ಇನ್ನೂ ಆಚೆ ಕಾಡು, ಜಲಪಾತ, ಬೆಟ್ಟದ ತಲೆಯ ಮೇಲೊಂದು ಕೆರೆ. ಗೌರತ್ತಿಗೆ ಗಾಬರಿ. "ಇವರಿಗೇನ ಬಿಸಿಲು ಬಡದೈತೇನ?"

ಕೊನೆಗೆ ಒಂದು ಚಪ್ಪಟೆ ಬಂಡೆಯ ಮುಂದೆ ಸಿಸ್ಟರ್ ನಿಂತರು. "ದಿಸ್ ಈಸ್ ಅವರ್ ಹೌಸ್." ಅಷ್ಟೇ.

"ಏನಂತಾರ?" ಅವ್ವ ಕೇಳಿದಳು.

"ಇದು ಅವರ ತವರುಮನಿ ಅಂತ."

ಅವ್ವ ಸರಸರನೆ ಚೀಲ ಬಿಚ್ಚಿದಳು. ಅಕ್ಕಿ, ಕಾಯಿ, ಕುಬಸದ ಖಣ ಹೊರಗೆ ಬಂದವು. "ತವರಿಗೆ ಬಂದಾಕಿ ಬರಿ ಉಡೀಲೆ ಹೋಗಬಾರದು."

"ಲೇ, ತಲಿ ಕೆಟ್ಟೈತೇನ? ಗಂಡ ಇಲ್ಲದಾಕಿಗೆ ಉಡಿ ತುಂಬತಾರೇನ?" ಗೌರತ್ತಿ ಎಗರಿದಳು. "ಅದೂ ನನಗಂತ ತಂದ ಖಣ!"

"ಕೈಬಟ್ಟಿನಾಗ ಉಂಗುರ ಐತಲ್ಲ. ಯಾರದು ಕೇಳು" ಎಂದು ಅವ್ವ ನನ್ನನ್ನು ತಿವಿದಳು. ಕೇಳಿದೆ. ತನ್ನ ಮದುವೆ ಯೇಸುಸ್ವಾಮಿಯ ಜೊತೆ ಆಗಿದೆ ಎಂದರು ಸಿಸ್ಟರ್. (ಈಸ್ಟರ್ ಕತೆಯನ್ನು ರಜೆಯಲ್ಲಿ ನಾನೇ ಅವ್ವನಿಗೆ ಹೇಳಿದ್ದೆ.)

"ಕೇಳಿದ್ರೇನ ಅಕ್ಕಾ? ಸತ್ತ ಮ್ಯಾಲೂ ಎದ್ದು ಬಂದ ಗಂಡ! ಈಕಿಗಿಂತ ಗಟ್ಟಿ ಮುತ್ತೈದಿ ನಮ್ಮ ತಾಲ್ಲೂಕಿನಾಗ ಯಾರದಾರ, ಹೇಳ್ರಿ ನೋಡೋಣ!"

ಗೌರತ್ತಿ ತಾನೇ ಖಣದ ಮಡಿಕೆ ಸರಿ ಮಾಡಿ ಅವ್ವನ ಕೈಗಿಟ್ಟಳು.

ಸಿಸ್ಟರ್ ಬಿಳಿ ಏಪ್ರನ್ ಒಡ್ಡಿದರು. ಅವ್ವ ಬೊಗಸೆಬೊಗಸೆ ಸುರಿದಳು. "ಈಗ ಒಂದು ಹಿಡಿ ತವರಿಗೆ ತಿರುಗಿ ಕೊಡ್ರಿ. ಮನಿ ತಣ್ಣಗಿರಲಿ."

ನಾನು ಅರ್ಥ ಹೇಳಿದೆ. ಸಿಸ್ಟರ್ ಮುಷ್ಟಿ ತುಂಬ ಅಕ್ಕಿ ಹಿಡಿದು ನಿಂತರು. ಯಾರಿಗೆ ಕೊಡುವುದು? ತಾಯಿಯೇ ಇಲ್ಲ. ಮನೆ ಏಳು ಕಡಲ ಆಚೆ. ಬಂಡೆಯನ್ನು ನೋಡಿದರು, ಅವ್ವನನ್ನು ನೋಡಿದರು. ಆಮೇಲೆ ಮೆಲ್ಲಗೆ ಅವ್ವನ ಸೆರಗಿಗೆ ಹಾಕಿದರು.

ಅವ್ವ ಸೆರಗಿನ ತುದಿ ಗಂಟು ಹಾಕಿಕೊಂಡಳು. "ಆತು. ಇನ್ನ ನೀವು ನಮ್ಮ ಮಗಳು. ದಸರಾಕ್ಕ ಸಿರುಗುಪ್ಪಕ್ಕ ಬರ್ರಿ, ತಪ್ಪಿಸಬ್ಯಾಡ್ರಿ."

ದಸರಾ ಬಂತು. ಸಿಸ್ಟರ್ ರಜೆ ಕೇಳಿದರು. ಸಿರುಗುಪ್ಪದಲ್ಲೇನು ಕೆಲಸ ಎಂದರು ಮದರ್ ಸುಪೀರಿಯರ್. ಸ್ಟೂಡೆಂಟ್ ಮನೆಗೆ ವಿಸಿಟ್ ಎಂದಿದ್ದರೆ ಮುಗಿಯುತ್ತಿತ್ತು. ಸುಳ್ಳು ಹೇಳಲು ಬಾರದ ಪ್ರಾಣಿ, "ಅದು ನನ್ನ ತವರುಮನೆ, ಮದರ್" ಎಂದರಂತೆ.

ತವರಿಗೆ ಹೋಗುವಂತಿಲ್ಲ, ರೂಲ್ ಈಸ್ ರೂಲ್. ರಜೆ ಸಿಗಲಿಲ್ಲ.

ಹಬ್ಬಕ್ಕೆ ಒಬ್ಬಳೇ ಮನೆಗೆ ಹೋದ ನಾನು ಅಳುತ್ತಾ ಇದನ್ನು ಹೇಳಿದೆ. ಹೋಳಿಗೆ ತಟ್ಟುತ್ತಿದ್ದ ಅವ್ವನ ಕೈ ನಿಂತಿತು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಹೋಗಬ್ಯಾಡ ಅಂದ್ರಂತೇನು? ಹಂಗಾರ ಇದು ಆಕಿ ತವರು ಅಂತ ಅವರೂ ಒಪ್ಪಿದಂಗಾತಲ್ಲ!"