ಆರು ಬಕೆಟ್ಟಿಗೆ ಎಂಟು ಲೀಟರ್

ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ನಾನು ಆರನ್ನು ಮುಕ್ಕಾಲಿನಿಂದ ಗುಣಿಸಿದೆ. ಅನಾಹುತ ಶುರುವಾದದ್ದು ಅಲ್ಲಿಂದ. ಚಿಂತಾಮಣಿಯಲ್ಲಿ ಬಿ.ಎಸ್ಸಿ. ಮುಗಿಸಿ ಶಿಡ್ಲಘಟ್ಟದ ಪಕ್ಕದ ನಮ್ಮೂರಿಗೆ ಆಗತಾನೇ ಬಂದಿದ್ದೆ. ತಲೆಯಲ್ಲಿ ಕ್ಯಾಲ್ಕುಲಸ್ ಇತ್ತು, ಅದಕ್ಕಿಂತ ಹೆಚ್ಚು ಜಂಬ ಇತ್ತು.

ರೇಷ್ಮೆ ಹುಳು ತರುವ ಮೊದಲು ಹುಳುಮನೆಗೆಲ್ಲ ಫಾರ್ಮಲಿನ್ ಎಂಬ ಉಸಿರುಕಟ್ಟುವ ಘಾಟಿನ ಔಷಧಿ ಹೊಡೆದು ರೋಗ ಕಳೆಯಬೇಕು. ಬಕೆಟ್ ನೀರಿಗೆ ಮುಕ್ಕಾಲು ಲೀಟರ್. ಡ್ರಮ್ಮಿನಲ್ಲಿ ಆರು ಬಕೆಟ್ ನೀರಿತ್ತು. ಹೊಡೆಯುವವರು ಅತ್ತಿಗೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ಅವರು ಅಂಗಳದಲ್ಲಿ ರಂಗೋಲಿ ಪುಡಿಯಿಂದ ಆರು ಚೌಕ ಬರೆದು, ಒಂದೊಂದನ್ನೂ ನಾಲ್ಕು ಮನೆ ಮಾಡಿ, ಮೂರು ಮೂರು ಮನೆಗೆ ಪುಡಿ ತುಂಬಿದರು.

"ಹದಿನೆಂಟು ಕಾಲು ಬಂತು ಕಣಪ್ಪಾ. ನಾಲ್ಕೂವರೆ ಲೀಟ್ರು ಸಾಕು."

"ಅತ್ತಿಗೆ, ಇದು ಲೆಕ್ಕ, ಸಂಕ್ರಾಂತಿ ರಂಗೋಲಿ ಅಲ್ಲ" ಎಂದು ನಕ್ಕೆ. ಭಿನ್ನರಾಶಿ ಕಂಡರೆ ತಲೆಕೆಳಗು ಮಾಡಿ ಗುಣಿಸು ಎಂಬ ನಿಯಮ ಬಾಯಿಪಾಠವಾಗಿತ್ತು. ಅದು ಭಾಗಾಕಾರದ ನಿಯಮ ಎಂಬುದಷ್ಟೇ ಮರೆತಿತ್ತು. ಆರು ನಾಲ್ಕಲೆ ಇಪ್ಪತ್ತನಾಲ್ಕು, ಮೂರರಿಂದ ಭಾಗಿಸಿದರೆ ಎಂಟು. "ಎಂಟು ಲೀಟರ್ ಹಾಕಿ" ಎಂದೆ.

ಅತ್ತಿಗೆ ಚೌಕಗಳನ್ನೇ ನೋಡಿದರು. "ಯಾಕೋ ಜಾಸ್ತಿ ಅನ್ನಿಸ್ತದೆ. ಹೋಗ್ಲಿ ಬಿಡು, ಓದಿರೋನು ನೀನು" ಎಂದು ಎಂಟು ಲೀಟರನ್ನೂ ಡ್ರಮ್ಮಿಗೆ ಸುರಿದರು.

ನಮ್ಮ ಕಡೆಯ ದೊಡ್ಡ ರೋಗ ಇದೇ. ಇದಕ್ಕೆ ಯಾವ ಫಾರ್ಮಲಿನ್ನೂ ಇಲ್ಲ. ಡಿಗ್ರಿ ಎದುರು ನಿಂತರೆ ಜನ ಕಣ್ಣಿಗೆ ಕಂಡದ್ದನ್ನೂ ಬಿಟ್ಟುಕೊಡುತ್ತಾರೆ. ಒಂದು ಬಕೆಟ್ಟಿಗೆ ಪೂರ್ತಿ ಲೀಟರೂ ಬೇಡವೆಂದ ಮೇಲೆ ಆರಕ್ಕೆ ಎಂಟು ಹೇಗಾದೀತು? ಆ ಚೌಕಗಳಿಗೆ ಗೊತ್ತಿತ್ತು. ಮುಕ್ಕಾಲು ಮಗ್ಗಿ ಹೇಳುತ್ತಿದ್ದ ನಮ್ಮ ತಾತನಿಗೂ ಗೊತ್ತಿರುತ್ತಿತ್ತು. ಯೂನಿವರ್ಸಿಟಿ ಮಾತ್ರ ನನಗೆ ಫಸ್ಟ್ ಕ್ಲಾಸ್ ಕೊಟ್ಟಿತ್ತು.

ಕಿಟಕಿ ಬಾಗಿಲು ಮುಚ್ಚಿಯೇ ಹೊಡೆಯುವುದು ಪದ್ಧತಿ. ಅತ್ತಿಗೆ ಪಂಪು ಹೊತ್ತು ಒಳಗೆ ಹೋಗಿ ಐದು ನಿಮಿಷವೂ ಆಗಿರಲಿಲ್ಲ, ಒಳಗೆ ಪಂಪು ಬಿದ್ದ ಸದ್ದಾಯಿತು. ಅಣ್ಣ ಬಾಗಿಲು ಒದ್ದು ಎಳೆದು ತಂದಾಗ ಅತ್ತಿಗೆಯ ಕಣ್ಣು ಊದಿ ಮುಚ್ಚಿದ್ದವು, ಉಸಿರು ಸಿಳ್ಳೆ ಹಾಕುತ್ತಿತ್ತು. ಬಾಡಿಗೆ ವ್ಯಾನಿನಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗುವಾಗ ನಾನು ಆ ಉಸಿರುಗಳನ್ನು ಎಣಿಸುತ್ತಿದ್ದೆ. ಈಗಲೂ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಎದ್ದು ಓಡುತ್ತೇನೆ. ಚಿತ್ರ ಬರೆದು ಲೆಕ್ಕ ಮಾಡುವುದು ದಡ್ಡರ ಕೆಲಸ ಎನ್ನುವ ಮೇಷ್ಟ್ರುಗಳನ್ನು ಕಂಡರಂತೂ ಆ ವ್ಯಾನಿನಲ್ಲಿ ಒಂದು ಸಲ ಕೂರಿಸಬೇಕು ಅನ್ನಿಸುತ್ತದೆ.

ಮನೆಗೆ ಬಂದ ಮೇಲೂ ಅತ್ತಿಗೆ ರಾತ್ರಿಯೆಲ್ಲ ಕೆಮ್ಮುತ್ತಿದ್ದರು, ಯಾರಿಗೂ ನಿದ್ದೆಯಿಲ್ಲ. ಒಂದು ಗುರುವಾರ ರಾತ್ರಿ ಮಾತ್ರ ಕೆಮ್ಮಲಿಲ್ಲ. ಶುಕ್ರವಾರ ನನ್ನ ಮುಖಕ್ಕೆ ಬಿಸಿಲು ಬಿದ್ದು ಎಚ್ಚರವಾದಾಗ ತಲೆಯ ಹತ್ತಿರ ಅವರೇ ನಿಂತಿದ್ದರು: "ಹೊತ್ತು ನೆತ್ತಿಗೆ ಬಂತು, ಬಿದ್ಕೊಂಡಿದ್ದೀಯಲ್ಲೋ, ನಾಚ್ಕೆ ಆಗಲ್ವಾ?"

ಒಂದೇ ಉಸಿರಿನಲ್ಲಿ ಬೈದರು. ಅಷ್ಟು ಉದ್ದದ ಉಸಿರು ಅವರಿಗೆ ವಾಪಸು ಬಂದಿತ್ತು. ಇನ್ನೊಂದು ಸಲ ಬೈಯಲಿ ಎಂದು ನಾನು ಹೊದಿಕೆ ಎಳೆದುಕೊಂಡೆ.